ಇಳಿಯುವವರು ಇಳಿಯಿರಿ

ಫೆಬ್ರುವರಿ 11

ಅಪ್ಪನಿಗೆ,

ನಿನ್ನೆ ಮಧ್ಯಾಹ್ನ ಆಸ್ಪತ್ರೆಯಿಂದ ಕೋಣೆಗೆ ಬಂದೆ. ನನಗೆ ಸಕ್ಕರೆ ಕಾಯಿಲೆ ಇದೆ. ಗುಳಿಗೆಯಿಂದ ಹತೋಟಿಗೆ ಬರುವಂಥದ್ದಲ್ಲ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಬದುಕಿರುವವರೆಗೆ. ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ನೀನು ನಿಧಾನವಾಗಿ ಓದಬಹುದು ಎಂದುಕೊಂಡೆ.

ಮೊದಲು ಗಮನಿಸಿದ್ದು ನಾನಲ್ಲ, ನಮ್ಮ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುವ ಸೌಂಡಣ್ಣ. ಒಂದು ತಿಂಗಳಿಂದ ನನ್ನ ಪ್ರತಿ ವಾಕ್ಯದ ಅಡಿಯಲ್ಲೂ ಸಣ್ಣ ಚಟಚಟ ಕೇಳುತ್ತಿದೆ ಎನ್ನುತ್ತಿದ್ದರು. ಬಾಯಿ ಒಣಗಿದಾಗ ನಾಲಿಗೆ ಅಂಗುಳಿಗೆ ಅಂಟಿ ಬಿಡಿಸಿಕೊಳ್ಳುವ ಶಬ್ದ ಅದು. ಕಿವಿಗೆ ಕೇಳುವುದಿಲ್ಲ, ಮೈಕಿಗೆ ಕೇಳುತ್ತದೆ. "ಏನಮ್ಮಾ, ಬಾಯಲ್ಲಿ ಕಡಲೆ ಹುರೀತಿದ್ದೀಯಾ?" ಎಂದು ತಮಾಷೆ ಮಾಡಿದರು. ನಾನು ನೀರು ಕುಡಿದೆ. ಮತ್ತೆ ಕುಡಿದೆ. ಕುಡಿದಷ್ಟೂ ಬಾಯಿ ಒಣಗುತ್ತಿತ್ತು. ಉಡುಪು ಸಡಿಲವಾಯಿತು. ಒಂದು ದಿನ ಸ್ಟುಡಿಯೋದ ಮೆಟ್ಟಿಲ ಮೇಲೆ ಸ್ವಲ್ಪ ಕೂರೋಣವೆಂದು ಕೂತವಳಿಗೆ ಏಳಲಾಗಲಿಲ್ಲ.

ನನಗೆ ಜ್ವರ ಏರಿತ್ತು ಎಂದು ಸ್ಟುಡಿಯೋದಲ್ಲಿ ಎಲ್ಲರಿಗೂ ಹೇಳಿದ್ದೇನೆ. ನನಗಿಂತ ಮೊದಲು ಪ್ರಕಟಣೆ ಓದುತ್ತಿದ್ದವಳು ಒಮ್ಮೆ ರೆಕಾರ್ಡಿಂಗಿನ ಗಾಜಿನ ಕೋಣೆಯೊಳಗೆ ತಲೆ ಸುತ್ತಿ ಬಿದ್ದಳಂತೆ. ಯಾರೂ ಏನೂ ಅನ್ನಲಿಲ್ಲ. ಮತ್ತೆ ಕರೆಯಲೂ ಇಲ್ಲ. ಇಪ್ಪತ್ತಮೂರನೆಯ ವಯಸ್ಸಿಗೇ ನನಗೂ ಹಾಗಾಗುವುದು ಬೇಡ. ನೀನೂ ಯಾರಿಗೂ ಹೇಳಬೇಡ. ಫೋನು ಮಾಡಬೇಡ, ಗಂಟಲಿಗೆ ವಿಶ್ರಾಂತಿ ಬೇಕು. ಹೊರಟು ಬರುವುದಂತೂ ಬೇಡವೇ ಬೇಡ. ನೀನು ನದಿ ದಾಟಿಸುವ ಲಾಂಚು ಬಿಟ್ಟು ಬಂದರೆ ಎರಡು ದಡದವರೂ ಸೇರಿ ನನಗೆ ಶಾಪ ಹಾಕುತ್ತಾರೆ. ಪತ್ರ ಬರೆಯುತ್ತೇನೆ.

ನಿನ್ನ
ಬಟಾಣಿ


ಫೆಬ್ರುವರಿ 19

ಬಟಾಣಿ,

ನಿನ್ನ ಪತ್ರ ಓದಿದೆ. ಒಂದು ಸಲ ನದಿ ದಾಟಿ ಬಂದು ಮತ್ತೆ ಓದಿದೆ. ಅಕ್ಷರ ಬದಲಾಗಿರಲಿಲ್ಲ.

ಸಕ್ಕರೆ ಕಾಯಿಲೆ ಮುದುಕರಿಗೆ ಬರುವುದೆಂದು ನಾನು ತಿಳಿದಿದ್ದೆ. ಚಿಕ್ಕಂದಿನಲ್ಲಿ ನಿನಗೆ ಮಿಠಾಯಿ ಕೊಡಿಸಿದ್ದು ಹೆಚ್ಚಾಯಿತೇ? ಯಾರದೋ ಮನೆಯ ಹುಡುಗಿಯ ಸಂಗತಿ ಎಂದು ಹೇಳಿ ನಮ್ಮ ಹಗ್ಗದವನನ್ನು ಕೇಳಿದೆ. ಅವನು ದಡಕ್ಕೆ ಹಗ್ಗ ಎಸೆಯುತ್ತಾ, "ಸಿಹಿ ತಿಂದ್ರೆ ಬರೋದಾದ್ರೆ ನಾನು ಎಂದೋ ಗೊಟಕ್ ಅನ್ನಬೇಕಿತ್ತು ಬಿಡಿ. ಆಮೇಲೆ ಯಾರ ಮನೆ ಹುಡುಗಿ ಅಂತಾನೂ ಗೊತ್ತಾಯ್ತು" ಎಂದ. ನಾನು ಹೇಳಿಲ್ಲ. ನನ್ನ ಮುಖ ಹೇಳಿರಬೇಕು.

ಇಲ್ಲಿ ಮಂಜು ಬಿಟ್ಟಿಲ್ಲ. ಬೆಳಗಿನ ಲಾಂಚು ಬಿಟ್ಟಾಗ ಹಿಂದಿನ ದಡ ಕಾಣುವುದಿಲ್ಲ, ಮುಂದಿನದೂ ಕಾಣುವುದಿಲ್ಲ. ನಡುವೆ ನಿನ್ನ ದನಿಯ ಪೆಟ್ಟಿಗೆಯೊಂದೇ ಆಸರೆ. "ಇಳಿಯುವವರು ಇಳಿಯಿರಿ. ದಾರಿಯಲ್ಲಿ ನಿಲ್ಲಬೇಡಿ." ಕೇಳಿದ ಕೂಡಲೇ ಜನ ದಡಬಡ ಏಳುತ್ತಾರೆ. "ನಿಮ್ಮ ಮಗಳು ಇವತ್ತೂ ಬೈದ್ಲು ನೋಡಿ" ಎನ್ನುತ್ತಾ ಇಳಿಯುತ್ತಾರೆ. ನಿನ್ನ ಅಮ್ಮನದೂ ಅದೇ ಗಂಟಲು. ಅವಳು ಒಂದು ಮಾತು ಆಡಿದರೆ ಲಾಂಚು ಖಾಲಿಯಾಗುತ್ತಿತ್ತು.

ಫೋನು ಬೇಡ ಎಂದದ್ದು ಗಂಟಲಿಗಾಗಿ ಎಂದು ಬರೆದಿದ್ದೀಯ. ಆಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ


ಮಾರ್ಚ್ 17

ಅಪ್ಪನಿಗೆ,

ಮಿಠಾಯಿಗೂ ಇದಕ್ಕೂ ಸಂಬಂಧವಿಲ್ಲ. ನನ್ನ ಮೈಯೇ ಇನ್ಸುಲಿನ್ ತಯಾರಿಸುವ ಜಾಗವನ್ನು ವೈರಿ ಎಂದು ತಿಳಿದು ಹಾಳು ಮಾಡಿದೆ. ಮನೆಯವರನ್ನೇ ಕಳ್ಳರೆಂದು ಹೊಡೆದು ಹಾಕಿದ ಕಾವಲುಗಾರನ ಹಾಗೆ. ಡಾಕ್ಟರಮ್ಮ ಹೇಳಿದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ.

ಚುಚ್ಚಿಕೊಳ್ಳುವುದು ಕಷ್ಟವಲ್ಲ. ಅಂದಾಜು ಕಷ್ಟ. ಊಟಕ್ಕೆ ಮೊದಲು ಔಷಧ, ಔಷಧದ ಹಿಂದೆಯೇ ಊಟ. ಔಷಧ ಹೋಗಿ ಊಟ ಬಾರದಿದ್ದರೆ ರಕ್ತದ ಸಕ್ಕರೆ ತೀರಾ ಕಡಿಮೆಯಾಗುತ್ತದೆ. ಆಗ ಮೊದಲು ಕೈ ನಡುಗುತ್ತದೆ, ಬೆವರುತ್ತದೆ. ಕೂಡಲೇ ಸಿಹಿ ತಿಂದರೆ ಸರಿ. ತಿನ್ನದಿದ್ದರೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ, ಕೊನೆಗೆ ಎಚ್ಚರ ತಪ್ಪುತ್ತದೆ. ಹಾಗೇ ಬಿಟ್ಟರೆ ಏನಾಗುತ್ತದೆಂದು ನಾನು ಕೇಳಲಿಲ್ಲ. ಡಾಕ್ಟರಮ್ಮ ಕೇಳದೆಯೇ ಹೇಳಿದರು.

ಹೋದ ವಾರ ಹಾಗಾಯಿತು. ಸಾರಿಗೆ ಕಚೇರಿಯವರು ಎಲ್ಲ ಪ್ರಕಟಣೆಗಳನ್ನೂ ಹೊಸದಾಗಿ ಓದಿಸುತ್ತಿದ್ದಾರೆ. ನಮ್ಮ ಕೆಲಸ ನಿನಗೆ ಗೊತ್ತಿದೆ, ಎಲ್ಲವೂ ತುಂಡು ತುಂಡು. ಅಂಕಿ ಬೇರೆ, ಬಾಗಿಲು ಬೇರೆ, 'ದಯವಿಟ್ಟು' ಬೇರೆ. ಆಮೇಲೆ ಯಂತ್ರ ಜೋಡಿಸುತ್ತದೆ. ನಾನು ಔಷಧ ಚುಚ್ಚಿಕೊಂಡು ಊಟದ ಡಬ್ಬಿ ತೆರೆಯುವಷ್ಟರಲ್ಲಿ ಕಚೇರಿಯ ಅಧಿಕಾರಿ ಬಂದರು. ಹತ್ತೇ ನಿಮಿಷದ ಕೆಲಸ ಎಂದರು. ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡದ್ದು ನೆನಪಿದೆ.

ಮುಂದಿನ ನೆನಪು, ನನ್ನ ಹಲ್ಲಿಗೆ ತಾಗಿದ ಲೋಟ. ಸೌಂಡಣ್ಣ ತಮ್ಮ ಫ್ಲಾಸ್ಕಿನ ಟೀ ಕುಡಿಸುತ್ತಿದ್ದರು. ಪಾನಕದಂತೆ ಸಕ್ಕರೆ ಸುರಿದ ಟೀ. "ಮೂರು ಹಾಳೆ ಒಂದೂ ತಪ್ಪಿಲ್ಲದೆ ಓದಿಬಿಟ್ಯಲ್ಲಮ್ಮಾ! ಎಲ್ಲಿ ಬಚ್ಚಿಟ್ಟಿದ್ದೆ ಈ ದನೀನ? ಗಂಟಲು ಒಣಗಿರತ್ತೆ, ಕುಡಿ." ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಟೀ ಕುಡಿದು ಸ್ವಲ್ಪ ಹೊತ್ತಿಗೆ ಉಳಿದ ಹಾಳೆ ಓದಿದೆ. ಸೌಂಡಣ್ಣ ಹಣೆ ಚಚ್ಚಿಕೊಂಡರು. "ಹೋಯ್ತು! ಮತ್ತೆ ಅದೇ ಹಳೇ ಗದರಿಕೆ. ನನ್ನ ಟೀನೇ ಕೆಡಿಸ್ತು ನೋಡು."

ತಾವು ನನ್ನ ಪ್ರಾಣ ಉಳಿಸಿದ್ದು ಅವರಿಗೆ ಗೊತ್ತಿಲ್ಲ. ಆ ಮೂರು ಹಾಳೆ ಓದಿದ್ದು ನನಗೆ ಗೊತ್ತಿಲ್ಲ. ಇಡೀ ಕೆಲಸ ಅದೇ ದನಿಯಲ್ಲಿ ಬೇಕಂತೆ. ಲಾಂಚು, ಲಿಫ್ಟು, ಆಸ್ಪತ್ರೆ, ಫೋನು, ಎಲ್ಲದಕ್ಕೂ. ಎರಡು ವರ್ಷದ ಒಪ್ಪಂದ.

ನಿನ್ನ
ಬಟಾಣಿ


ಏಪ್ರಿಲ್ 3

ಬಟಾಣಿ,

ಸೋಮವಾರ ಲಾಂಚಿಗೆ ಹೊಸ ದನಿ ಹಾಕಿದರು. ಹಳೆಯದನ್ನು ಅಳಿಸಿದರು.

ಮೊದಲ ಸಲ ದಾಟಿದೆವು. ಮುಂದಿನ ದಡ ಮುಟ್ಟಿತು, ಹಗ್ಗ ಬಿಗಿಯಿತು, ಹಲಗೆ ಹಾಸಿದರು. "ಇಳಿಯುವವರು ಇಳಿಯಿರಿ" ಎಂದು ದನಿ ಹೇಳಿತು. ಯಾರೂ ಏಳಲಿಲ್ಲ.

ಲಾಂಚಿನ ತುಂಬ ಜನವಿದ್ದರು, ಬಟಾಣಿ. ಶಾಲೆಯ ಮೇಡಂ, ತರಕಾರಿಯವಳು, ಬಡಗಿ, ದಿನಾ ಎಲ್ಲರಿಗಿಂತ ಮೊದಲು ಜಿಗಿಯುವ ಅಂಚೆಯವನು ಕೂಡ. ಎಲ್ಲರೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಿದ್ದೆ ಅಲ್ಲ, ಕಣ್ಣು ತೆರೆದಿತ್ತು. ಮೆಲ್ಲಗೆ ತಲೆ ಸವರಿ ಇನ್ನೂ ಸ್ವಲ್ಪ ಹೊತ್ತು ಮಲಗು ಎಂದ ಹಾಗಿತ್ತು ಆ ದನಿ. ನಾನೂ ಎಂಜಿನ್ ಆರಿಸಲು ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದೆ. ಕೊನೆಗೆ ಹಗ್ಗದವನು "ಏಯ್, ಇಳೀರ್ರೋ!" ಎಂದು ಕೂಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕು ಇಳಿದರು.

ಆಮೇಲೆ ಅವನು ನನ್ನ ಹತ್ತಿರ ಬಂದ. "ಇದು ಬಟಾಣಿ ದನಿ ಅಲ್ಲ. ಅಕ್ಕಾವ್ರದು" ಎಂದ. ನಿನ್ನ ಅಮ್ಮನನ್ನು ಅವನು ಹಾಗೇ ಕರೆಯುತ್ತಿದ್ದ. ಬಾಯಿ ಮುಚ್ಚಿಕೊಂಡು ಹಲಗೆ ಎತ್ತು ಎಂದೆ.

ನೀನು ಊಟ ಬಿಟ್ಟು ಓದುತ್ತಿದ್ದೀಯಾ?

ಅಪ್ಪ


ಏಪ್ರಿಲ್ 10

ಅಪ್ಪನಿಗೆ,

ನಿನ್ನ ಪತ್ರ ಓದಿ ನಕ್ಕೆ. ಚೆನ್ನಾಗಿ ಓದಿದರೆ ಜನ ಕೂತು ಕೇಳುತ್ತಾರೆ, ಅದರಲ್ಲೇನಿದೆ ಎಂದುಕೊಂಡೆ.

ಮರುದಿನ ತಪಾಸಣೆಗೆ ಆಸ್ಪತ್ರೆಗೆ ಹೋದೆ. ಲಿಫ್ಟಿನಲ್ಲಿ ನಾನೊಬ್ಬಳೇ. "ಬಾಗಿಲು ಮುಚ್ಚುತ್ತಿದೆ" ಎಂದು ಅವಳು ಹೇಳಿದಳು. ನಾನು ಎಂದೇ ಬರೆಯಬೇಕು, ಆದರೆ ಬರೆಯಲು ಬರುತ್ತಿಲ್ಲ. ಅಷ್ಟು ಅಕ್ಕರೆಯಿಂದ ನಾನು ಯಾರ ಜೊತೆಗೂ ಮಾತಾಡಿದವಳಲ್ಲ. ನನ್ನ ಮಹಡಿ ಬಂತು. ಬಾಗಿಲು ತೆರೆಯಿತು. ನಾನು ನಿಂತೇ ಇದ್ದೆ. ಬಾಗಿಲು ಮುಚ್ಚಿತು. ಹಾಗೆ ಎಷ್ಟು ಸಲ ಮೇಲೆ ಕೆಳಗೆ ಹೋದೆನೋ ತಿಳಿಯದು, ಗಾಲಿ ಮಂಚ ತಳ್ಳಿಕೊಂಡು ಬಂದವನು "ಮೇಡಂ, ದಾರಿ!" ಎಂದು ರೇಗಿದಾಗ ಹೊರಗೆ ಬಂದೆ. ಬೆರಳು ಚುಚ್ಚಿ ನೋಡಿಕೊಂಡೆ. ಸಕ್ಕರೆ ಸರಿಯಾಗಿಯೇ ಇತ್ತು.

ಸೌಂಡಣ್ಣನನ್ನು ಕಾಡಿ ಆ ದಿನದ ಕತ್ತರಿಸದ ರೆಕಾರ್ಡಿಂಗ್ ಕೇಳಿದೆ. ವಾಕ್ಯಗಳ ನಡುವೆ ಉದ್ದನೆಯ ಮೌನ, ಉಸಿರಾಟ. ಎರಡನೆಯ ಹಾಳೆ ಮುಗಿದಾಗ ಒಂದು ಮಾತು ಬರುತ್ತದೆ, ಹಾಳೆಯಲ್ಲಿ ಇಲ್ಲದ್ದು. "ನೀನು ಹೋಗು. ನಾನು ಓದ್ತೀನಿ."

"ನನಗೆ ಹೇಳಿದೆ ಅಂದ್ಕೊಂಡೆ. ನಾನೇನು ಅಡ್ಡ ಬಂದಿದ್ದೆ ಅಂತ ಬೇಜಾರಾಯ್ತು, ಕಟ್ ಮಾಡಿದೆ" ಎಂದರು ಸೌಂಡಣ್ಣ. ಅವರನ್ನು ನಾನು 'ನೀನು' ಎಂದವಳೇ ಅಲ್ಲ.

ಆ ದನಿ ಈಗ ಬರುತ್ತಿಲ್ಲ. ಹೊಟ್ಟೆ ತುಂಬಿದ್ದಾಗ ಎಷ್ಟು ಪ್ರಯತ್ನಿಸಿದರೂ ನನ್ನದೇ ಗದರಿಕೆ. ಅಧಿಕಾರಿಗೆ ಅಸಮಾಧಾನ. ತಿಂದರೆ ದನಿ ಕೆಡುತ್ತದೆ ಎಂಬುದು ಸೌಂಡಣ್ಣನ ಸಿದ್ಧಾಂತ. ಓದು ಮುಗಿಯುವವರೆಗೆ ಟೀ ಇಲ್ಲ, ಬಿಸ್ಕತ್ತಿಲ್ಲ, ಚೀಲವನ್ನೂ ಹೊರಗಿಡಬೇಕು. ಪಾಪ, ಅವರೂ ನನ್ನ ಜೊತೆ ಉಪವಾಸ ಕೂರುತ್ತಾರೆ.

ಇನ್ನೊಂದು ವಿಷಯ. ಸಕ್ಕರೆ ಪದೇ ಪದೇ ಕಡಿಮೆಯಾದರೆ ಮೈ ಎಚ್ಚರಿಕೆ ಕೊಡುವುದನ್ನೇ ಬಿಟ್ಟುಬಿಡುತ್ತದಂತೆ. "ಬಾಗಿಲು ತಟ್ಟಿ ತಟ್ಟಿ ಬೇಜಾರಾಗಿ ಹೋಗ್ತಾರಲ್ಲ, ಹಾಗೆ" ಎಂದರು ಡಾಕ್ಟರಮ್ಮ. ಈಗ ನನಗೆ ಕೈ ನಡುಗುವುದಿಲ್ಲ. ಬೆವರುವುದೂ ಇಲ್ಲ. ಪದೇ ಪದೇ ಏಕೆ ಕಡಿಮೆಯಾಗುತ್ತಿದೆ ಎಂದು ಅವರು ಕೇಳಿದರು. ಕೆಲಸ ಜಾಸ್ತಿ ಎಂದೆ.

ನಿನ್ನ
ಬಟಾಣಿ


ಏಪ್ರಿಲ್ 18

ಬಟಾಣಿ,

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ನೀನು ಫೋನು ಬೇಡ ಎಂದದ್ದು ಗಂಟಲಿಗಾಗಿ ಅಲ್ಲ. ನಿನ್ನ ದನಿ ಕೇಳಿದರೆ ನೀನು ಹೇಗಿದ್ದೀಯ ಎಂದು ನನಗೆ ತಿಳಿಯುತ್ತದೆ, ಅದಕ್ಕೆ. ನೀನು ಬರಲಿಲ್ಲ, ದನಿ ನೀರಿಗೆ ಬಂತು. ದಿನವಿಡೀ ಕೇಳುತ್ತಿದ್ದೇನೆ. ನೀನು ಚೆನ್ನಾಗಿಲ್ಲ.

ಹಗ್ಗದವನು ಅಂದ ಮಾತಿಗೆ ಅಂದು ರೇಗಿದೆ. ಆದರೆ ಅವನು ಅಂದದ್ದು ನಿಜ. ನಿನ್ನ ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ. ಕೊನೆಯ ವಾರ ಅವಳ ದನಿ ಹೀಗೇ ಆಗಿತ್ತು. ಲೋಟ ಬಿದ್ದರೂ ಬೈಯಲಿಲ್ಲ, ನಾನು ತಡವಾಗಿ ಬಂದರೂ ಬೈಯಲಿಲ್ಲ. ಎಲ್ಲದಕ್ಕೂ ಮೆಲ್ಲಗೆ "ಆಗಲಿ" ಎನ್ನುತ್ತಿದ್ದಳು. ಸದ್ಯ ಇವಳ ಸಿಟ್ಟು ತಣ್ಣಗಾಯಿತು ಎಂದು ನಾವೆಲ್ಲ ಸಂತೋಷಪಟ್ಟೆವು. ನೀರು ಮಾತ್ರ ತುಂಬ ಕುಡಿಯುತ್ತಿದ್ದಳು. ಜ್ವರ ಎಂದರು.

ಪೆಟ್ಟಿಗೆಯ ತಂತಿ ಕಿತ್ತಿದ್ದೇನೆ. ನಾನೇ ಕೂಗುತ್ತೇನೆ. ಗಂಟಲು ಬಿದ್ದು ಹೋಗಿದೆ, ಜನ ನಗುತ್ತಾರೆ, ಆದರೆ ಇಳಿಯುತ್ತಾರೆ.

ಒಂದು ಸಲ ಫೋನು ಮಾಡು. ಕುಶಲ ಏನೂ ಬೇಡ. ನನ್ನನ್ನು ಬೈದು ಇಟ್ಟುಬಿಡು.

ಅಪ್ಪ


ಮೇ 2

ಬಟಾಣಿ,

ಪತ್ರವಿಲ್ಲ. ನಿನ್ನೆ ನಾನೇ ಫೋನು ಮಾಡಿದೆ. ಗಂಟೆ ಬಾರಿಸಿತು, ಬಾರಿಸಿತು, ಕೊನೆಗೆ ನೀನು ಎತ್ತಿದೆ. "ನೀವು ಕರೆ ಮಾಡಿದವರು ಈಗ ಇಲ್ಲ" ಎಂದೆ.

"ಬಟಾಣೀ" ಎಂದೆ ನಾನು.

"ನೀವು ಕರೆ ಮಾಡಿದವರು ಈಗ ಇಲ್ಲ" ಎಂದಿತು ಅದು, ಅಷ್ಟೇ ಪ್ರೀತಿಯಿಂದ.

ಫೋನಿನವರೂ ಅದೇ ದನಿ ಕೊಂಡಿದ್ದಾರೆಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ಹೊತ್ತು ನಾನು ದಡದ ಕಲ್ಲಿನ ಮೇಲೆ ಕೂತು ಅದನ್ನೇ ಕೇಳುತ್ತಿದ್ದೆ. ಇಡಬೇಕು ಎನ್ನಿಸಲಿಲ್ಲ.

ಈ ಸೋಮವಾರ ಕಳೆದು ಇನ್ನೊಂದು ಸೋಮವಾರದೊಳಗೆ ನಿನ್ನ ಪತ್ರ ಬಾರದಿದ್ದರೆ ಹಗ್ಗದವನ ಕೈಗೆ ಲಾಂಚು ಕೊಟ್ಟು ಹೊರಡುತ್ತೇನೆ. ಎರಡು ದಡದವರು ಏನು ಬೇಕಾದರೂ ಅಂದುಕೊಳ್ಳಲಿ.

ಅಪ್ಪ


ಮೇ 7

ಅಪ್ಪನಿಗೆ,

ಇದ್ದೇನೆ. ಇದು ನನ್ನ ಕೈಬರಹ, ಈಗಷ್ಟೇ ಊಟ ಮಾಡಿ ಬರೆಯುತ್ತಿದ್ದೇನೆ. ನೀನು ಫೋನು ಮಾಡಿದಾಗ ಅದು ಮೇಜಿನ ಮೇಲೆ ನನ್ನ ಎದುರಿಗೇ ಹೊಡೆದುಕೊಳ್ಳುತ್ತಿತ್ತು. ನಾನು ನೋಡುತ್ತಾ ಕೂತಿದ್ದೆ. ಎತ್ತಿದ್ದರೆ ನಿನಗೆ ಎಲ್ಲ ತಿಳಿಯುತ್ತಿತ್ತು.

ನೀನು ಕೇಳಿದ್ದೆ, ಊಟ ಬಿಟ್ಟು ಓದುತ್ತಿದ್ದೀಯಾ ಎಂದು. ಅದಕ್ಕಿಂತ ಕೆಟ್ಟದ್ದು. ಔಷಧ ಚುಚ್ಚಿಕೊಂಡು ಊಟ ಬಿಡುತ್ತಿದ್ದೆ, ಬೇಕೆಂದೇ. ದನಿ ಬರುತ್ತಿತ್ತು. ಮುಗಿದ ಕೂಡಲೇ ಓಡಿಹೋಗಿ ಚೀಲದ ಸಕ್ಕರೆ ಪೊಟ್ಟಣ ಬಾಯಿಗೆ ಸುರಿದುಕೊಳ್ಳುತ್ತಿದ್ದೆ. ಎಲ್ಲಿ ನಿಲ್ಲಿಸಬೇಕೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ.

ಸೋಮವಾರ ಒಳಗೆ ಹೋಗುವ ಮೊದಲು ಬೆರಳು ಚುಚ್ಚಿ ನೋಡಿದೆ. ಆಗಲೇ ತುಂಬ ಕಡಿಮೆ ಇತ್ತು. ಸಕ್ಕರೆ ಅಳೆಯುವ ಯಂತ್ರವನ್ನು ಚೀಲಕ್ಕೆ ಹಾಕಿದೆ. ಪೊಟ್ಟಣ ಮಾತ್ರ ಅಂದು ಏಕೋ ಮುಷ್ಟಿಯಲ್ಲಿಟ್ಟುಕೊಂಡು ಒಳಗೆ ಹೋದೆ. ಓದಲು ಶುರು ಮಾಡಿದೆ. ಎದುರಿನ ಗಾಜಿನಲ್ಲಿ ನನ್ನ ಬಿಂಬ ಓದುತ್ತಿತ್ತು. ಅದರ ತುಟಿ ನನಗಿಂತ ಸ್ವಲ್ಪ ಮುಂಚೆ ಅಲ್ಲಾಡುತ್ತಿತ್ತು. ಅವಳು ಹೇಳಿದ್ದನ್ನು ನಾನು ಹೇಳುತ್ತಿದ್ದೆ. ಆಮೇಲೆ ಹೇಳುವುದೂ ಬೇಡವೆನ್ನಿಸಿತು. ಹೆದರಿಕೆಯಾಗಲಿಲ್ಲ ಅಪ್ಪಾ. ಬೆಚ್ಚಗೆ ಹೊದಿಸಿ ಯಾರೋ ಪಕ್ಕದಲ್ಲಿ ಕೂತ ಹಾಗಿತ್ತು. ಗಾಜಿನ ಆಚೆ ಸೌಂಡಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರು ಕಣ್ಣು ತೆರೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅಷ್ಟು ಚೆನ್ನಾಗಿ ಓದುತ್ತಿದ್ದೆ.

ಆಗ ಅವರು, ಹೊಸದು ಹಳೆಯದಕ್ಕಿಂತ ಎಷ್ಟು ಮೆಲ್ಲಗಿದೆ ಎಂದು ಅಳೆಯಲು, ಹಳೆಯದರ ಒಂದು ತುಂಡನ್ನು ಹೆಡ್‌ಫೋನಿನಲ್ಲಿ ನನ್ನ ಕಿವಿಗೆ ಬಿಟ್ಟರು. ಲಾಂಚಿನದು.

"ಇಳಿಯುವವರು ಇಳಿಯಿರಿ! ದಾರಿಯಲ್ಲಿ ನಿಲ್ಲಬೇಡಿ!"

ನಾನು ಎದ್ದೆ. ಕುರ್ಚಿ ಬಿತ್ತು. ಏಕೆ ಎದ್ದೆನೆಂದು ತಿಳಿಯಲಿಲ್ಲ, ಬೈಸಿಕೊಂಡೆ, ಎದ್ದೆ, ಅಷ್ಟೇ. ಮುಷ್ಟಿಯಲ್ಲಿದ್ದ ಪೊಟ್ಟಣವನ್ನು ಕಾಗದದ ಸಮೇತ ಜಗಿದೆ. ಸೌಂಡಣ್ಣ ಓಡಿ ಬಂದು, "ಏನಾಯ್ತಮ್ಮಾ? ಎಷ್ಟು ಚೆನ್ನಾಗಿ ಹೋಗ್ತಿತ್ತು!" ಎಂದರು. ಕಾಲು ಜೋಮು ಹಿಡಿಯಿತು ಎಂದೆ. ಬಾಯ ತುಂಬ ಸಕ್ಕರೆ ಇಟ್ಟುಕೊಂಡು ಸುಳ್ಳು ಹೇಳಿದೆ.

ಸಂಜೆ ಆ ಭಾಗವನ್ನು ಕೇಳಿದೆ. ಓದು ಇದೆ, ಹಳೆಯ ದನಿಯ ತುಂಡು ಸಣ್ಣಗೆ ಹೆಡ್‌ಫೋನಿನಿಂದ ಸೋರಿದೆ, ಕುರ್ಚಿ ಬಿದ್ದ ಸದ್ದಿದೆ. ಕುರ್ಚಿ ಬೀಳುವ ಮೊದಲು, ಮೈಕಿಗೆ ತೀರಾ ಹತ್ತಿರದಲ್ಲಿ, ಅದೇ ಮೆಲ್ಲನೆಯ ದನಿಯಲ್ಲಿ, ಬೇಸರವಿಲ್ಲದೆ ಒಂದು ಮಾತು ಇದೆ.

"ಅವಳು ಬಂದ್ಲು."

ಉಳಿದ ಹಾಳೆಗಳಿಗೆ ಬರುವ ಸೋಮವಾರ ಮತ್ತೆ ಕರೆದಿದ್ದಾರೆ. ನಾನು ನಿರ್ಧಾರ ಮಾಡಿದ್ದೇನೆ. ಸೌಂಡಣ್ಣನಿಗೆ ನನ್ನ ಕಾಯಿಲೆ ಏನೆಂದು ಹೇಳುತ್ತೇನೆ, ಅವರ ಟೀ ಅಂದು ಏನು ಮಾಡಿತೆಂದೂ ಹೇಳುತ್ತೇನೆ. ಹೊಟ್ಟೆ ತುಂಬ ತಿಂದು, ಸಕ್ಕರೆ ಪೊಟ್ಟಣ ಅವರ ಕೈಗೆ ಕೊಟ್ಟು, ಕಣ್ಣು ತೆರೆದು ಕೂರಬೇಕೆಂದು ಕೇಳಿಕೊಂಡು ಒಳಗೆ ಹೋಗುತ್ತೇನೆ. ನನ್ನ ಗದರಿಕೆಯಲ್ಲೇ ಓದುತ್ತೇನೆ. ಆ ಇನ್ನೊಂದು ದನಿಯನ್ನು ಎಲ್ಲ ಕಡೆಯಿಂದ ತೆಗೆಯಿರಿ, ಅದು ಓದಿದ್ದಲ್ಲ, ಕಾಯಿಲೆ ಎಂದು ಅಧಿಕಾರಿಗೆ ಹೇಳುತ್ತೇನೆ. ಆಮೇಲೆ ಅವರು ನನ್ನನ್ನು ಕರೆಯದೆ ಇರಬಹುದು. ಇರಲಿ ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ಆದರೂ ಹೇಳುತ್ತೇನೆ.

ಇನ್ನೂ ಹೇಳಿಲ್ಲ. ಇಂದು ಸೌಂಡಣ್ಣ ಮೆಟ್ಟಿಲಲ್ಲಿ ಸಿಕ್ಕರು, "ಸೋಮವಾರ ಹೊಟ್ಟೆ ಖಾಲಿ ಇಟ್ಕೊಂಡು ಬಾಮ್ಮಾ" ಎಂದರು. ನಾನು "ಆಗಲಿ" ಎಂದೆ. ಹೇಳಿದ ಮೇಲೆ ಆ ಮಾತು ಯಾರದೆಂದು ಯೋಚಿಸಿ ಅಲ್ಲೇ ಕಂಬಿ ಹಿಡಿದು ನಿಂತೆ.

ನೀನು ಹೊರಡಬೇಡ. ಈ ಪತ್ರ ಸೋಮವಾರಕ್ಕೆ ಮೊದಲು ನಿನಗೆ ಸಿಗುತ್ತದೆ. ಸೋಮವಾರ ಬೆಳಿಗ್ಗೆ, ನೀನು ಮೊದಲ ಲಾಂಚು ಬಿಡುವ ಮುಂಚೆ, ನಾನೇ ಫೋನು ಮಾಡುತ್ತೇನೆ. ಎತ್ತಿದ ಕೂಡಲೇ ಮಾತಾಡಬೇಡ, ಕೇಳು. ನಾನು ಬೈದರೆ ಸರಿ, ನಗುತ್ತಾ ನಿನ್ನ ಕೆಲಸಕ್ಕೆ ಹೋಗು. ಮೆಲ್ಲಗೆ, ಪ್ರೀತಿಯಿಂದ ಮಾತಾಡಿದರೆ, ಮರುಳಾಗಬೇಡ ಅಪ್ಪಾ. 'ತಿನ್ನು' ಎಂದು ಕೂಗು. ನಾನು ತಿನ್ನುವವರೆಗೆ ಕೂಗುತ್ತಲೇ ಇರು.

ನಿನ್ನ
ಬಟಾಣಿ